ನೆರಳಿನ ಹೊಣೆ ಯಾರದು?

ಯುಗಾದಿ ಕಳೆದು ಬಸವ ಜಯಂತಿ ಸಮೀಪಿಸುವ ಹೊತ್ತಿಗೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಪಟ್ಟಣಗಳಲ್ಲಿ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಅಘೋಷಿತ ನಿಷೇಧಾಜ್ಞೆಯೊಂದು ಜಾರಿಗೆ ಬರುತ್ತದೆ. ಅಂಗಡಿಗಳ ಬಾಗಿಲು ಅರ್ಧ ಇಳಿಯುತ್ತದೆ, ಆಟೊಗಳು ಮರ ಹುಡುಕಿಕೊಂಡು ನಿಲ್ಲುತ್ತವೆ, ಮನೆಯಲ್ಲಿರಲು ಅವಕಾಶವಿದ್ದವರು ಹೊರಗೆ ಕಾಲಿಡುವುದಿಲ್ಲ. ಆದರೆ ಈ ನಿಷೇಧಾಜ್ಞೆ ಎಲ್ಲರಿಗೂ ಅನ್ವಯಿಸುವುದಿಲ್ಲ. ಮಾರುಕಟ್ಟೆ ಪ್ರಾಂಗಣದಲ್ಲಿ ಚೀಲ ಹೊರುವ ಹಮಾಲ, ಚರಂಡಿ ತೆಗೆಯುವ ಪೌರಕಾರ್ಮಿಕ, ತಳ್ಳುಗಾಡಿಯಲ್ಲಿ ಬಾಳೆಹಣ್ಣು ಮಾರುವ ಮಹಿಳೆ, ಊರಿಗೆ ಹೋಗುವ ಬಸ್ಸಿಗಾಗಿ ಕೈಯಲ್ಲಿ ಚೀಲ ಹಿಡಿದು ಕಾಯುವ ವೃದ್ಧ– ಇವರೆಲ್ಲ ಆ ನಾಲ್ಕು ಗಂಟೆಗಳನ್ನು ಬಿಸಿಲಿನಲ್ಲಿಯೇ ಕಳೆಯುತ್ತಾರೆ.

ಪ್ರತಿ ಬೇಸಿಗೆಯಲ್ಲಿಯೂ ಜಿಲ್ಲಾಡಳಿತ ಸಲಹಾಪತ್ರವೊಂದನ್ನು ಹೊರಡಿಸುತ್ತದೆ. ಮಧ್ಯಾಹ್ನ ಹೊರಗೆ ಹೋಗಬೇಡಿ, ಹೆಚ್ಚು ನೀರು ಕುಡಿಯಿರಿ, ಹತ್ತಿಯ ಸಡಿಲ ಬಟ್ಟೆ ಧರಿಸಿ, ಕೊಡೆ ಬಳಸಿ ಎಂಬ ಸೂಚನೆಗಳು ಅದರಲ್ಲಿರುತ್ತವೆ. ಇವುಗಳಲ್ಲಿ ಒಂದೂ ತಪ್ಪಲ್ಲ. ಆದರೆ ಎಲ್ಲವೂ ವ್ಯಕ್ತಿಗೆ ಹೇಳಿದ ಮಾತುಗಳು. ಊರಿಗೆ ಹೇಳಿದ ಮಾತು ಒಂದೂ ಇಲ್ಲ. ಬೀದಿ ದೀಪ, ಚರಂಡಿ, ಕುಡಿಯುವ ನೀರು ಸ್ಥಳೀಯ ಸಂಸ್ಥೆಗಳ ಹೊಣೆ ಎಂದು ನಾವು ಒಪ್ಪಿಕೊಂಡಿದ್ದೇವೆ. ನೆರಳು ಮಾತ್ರ ಯಾರ ಹೊಣೆಯೂ ಆಗಿಲ್ಲ. ಹಣವಿದ್ದವರು ತಂಪನ್ನು ಅಂಗಡಿಯಿಂದ ಕೊಂಡು ತರುತ್ತಾರೆ. ಇಲ್ಲದವರು ಮಳೆಗಾಲಕ್ಕಾಗಿ ಕಾಯುತ್ತಾರೆ. ಬೇಸಿಗೆಯನ್ನು ಎದುರಿಸುವ ಉಪಾಯಗಳ ಚರ್ಚೆ ಆರಂಭವಾಗಬೇಕಾದದ್ದು ಈ ಅಸಮಾನತೆಯಿಂದ.

ಬಿಸಿಲು ಈ ಸೀಮೆಗೆ ಹೊಸದಲ್ಲ ಎಂಬ ವಾದವಿದೆ. ಅದು ನಿಜವೇ. ನೆರೆಯ ರಾಯಚೂರಿನಲ್ಲಿ 1928ರ ಮೇ 23ರಂದೇ 45.6 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ದಾಖಲಾಗಿತ್ತು. ಕೊಪ್ಪಳ ಆಗ ರಾಯಚೂರಿನಂತೆಯೇ ನಿಜಾಮರ ಆಳ್ವಿಕೆಯ ಬಯಲುಸೀಮೆ. ಆದರೆ ಅಂದಿನ ಜನ ಆ ಬಿಸಿಲನ್ನು ಎದುರಿಸಿದ್ದು ಅಂದಿನ ಮನೆಗಳಲ್ಲಿ, ಅಂದಿನ ದಿನಚರಿಯೊಂದಿಗೆ. ಈಗ ಮನೆಯ ರಚನೆ ಬದಲಾಗಿದೆ, ಬೀದಿಯ ನೆಲ ಬದಲಾಗಿದೆ, ಕೆಲಸದ ವೇಳೆ ಬದಲಾಗಿದೆ. ಜಗತ್ತಿನ ಸರಾಸರಿ ಉಷ್ಣಾಂಶ ಏರುತ್ತಿರುವುದು ಇದಕ್ಕೆ ಸೇರಿಕೊಂಡ ಇನ್ನೊಂದು ಭಾರ. ಹೀಗಾಗಿ ‘ನಮಗೆ ಅಭ್ಯಾಸವಾಗಿದೆ’ ಎಂಬ ಸಮಾಧಾನ ಈಗ ಕೆಲಸಕ್ಕೆ ಬರುವುದಿಲ್ಲ.

ಸರ್ಕಾರಿ ಎಚ್ಚರಿಕೆಯನ್ನೇ ನೆಚ್ಚಿಕೊಂಡು ಕೂರುವುದೂ ಸರಿಯಲ್ಲ. ಬಯಲು ಪ್ರದೇಶದಲ್ಲಿ ಗರಿಷ್ಠ ಉಷ್ಣಾಂಶ ಕನಿಷ್ಠ 40 ಡಿಗ್ರಿ ತಲುಪಿ, ವಾಡಿಕೆಗಿಂತ 4.5 ಡಿಗ್ರಿಯಷ್ಟಾದರೂ ಹೆಚ್ಚಾದರೆ, ಅಥವಾ ನೇರವಾಗಿ 45 ಡಿಗ್ರಿ ಮುಟ್ಟಿದರೆ ಹವಾಮಾನ ಇಲಾಖೆ ಅದನ್ನು ಬಿಸಿಗಾಳಿ ಎಂದು ಪರಿಗಣಿಸುತ್ತದೆ. ವಾಡಿಕೆಯ ಉಷ್ಣಾಂಶವೇ 39 ಡಿಗ್ರಿ ಇರುವ ಊರಿನಲ್ಲಿ 43 ಡಿಗ್ರಿ ದಾಖಲಾದರೂ ಈ ಲೆಕ್ಕದಲ್ಲಿ ಅದು ಬಿಸಿಗಾಳಿಯಲ್ಲ. ಮೇಲಾಗಿ ಇಲಾಖೆ ಅಳೆಯುವುದು ಗಾಳಿಯಾಡುವ ಪೆಟ್ಟಿಗೆಯೊಳಗೆ, ನೆರಳಿನಲ್ಲಿಟ್ಟ ಉಷ್ಣಮಾಪಕದ ಅಂಕಿಯನ್ನು. ಡಾಂಬರು ರಸ್ತೆಯ ಮೇಲೆ ನಿಂತವನ ಪಾದಕ್ಕೂ ತಗಡಿನ ಕೆಳಗೆ ರೊಟ್ಟಿ ಬಡಿಯುವ ಹೆಂಗಸಿನ ನೆತ್ತಿಗೂ ತಗಲುವ ಕಾವು ಬೇರೆಯೇ. ಘೋಷಣೆಯಾಗದ ದಿನಗಳಲ್ಲಿಯೂ ಅಪಾಯವಿರುತ್ತದೆ ಎಂಬುದನ್ನು ಇಲ್ಲಿನ ಆಡಳಿತ ಮೊದಲು ಮನಗಾಣಬೇಕು.

ಮನೆಯಿಂದಲೇ ಆರಂಭಿಸೋಣ. ಈ ಭಾಗದ ಹಳೆಯ ಮಾಳಿಗೆ ಮನೆಗಳ ಗೋಡೆ ದಪ್ಪ ಕಲ್ಲು ಮಣ್ಣಿನದು. ತೊಲೆ, ಜಂತೆ, ಹಲಗೆಗಳ ಮೇಲೆ ದಪ್ಪನಾಗಿ ಮಣ್ಣು ಹರವಿ, ಮಳೆಗಾಲಕ್ಕೆ ಮುನ್ನ ಮೇಲ್ಮುದ್ದೆ ಹಾಕುತ್ತಿದ್ದರು. ಹಗಲಿನ ಕಾವು ಆ ಮಣ್ಣನ್ನು ದಾಟಿ ಒಳಗಿಳಿಯುವಷ್ಟರಲ್ಲಿ ಸಂಜೆಯಾಗಿರುತ್ತಿತ್ತು. ಅಷ್ಟು ಹೊತ್ತಿಗೆ ಮನೆಯವರು ಅಂಗಳದಲ್ಲಿಯೋ ಮಾಳಿಗೆಯ ಮೇಲೆಯೋ ಹಾಸಿಗೆ ಹಾಸಿಕೊಂಡಿರುತ್ತಿದ್ದರು. ಮೇಲಿನ ಬೆಳಕಿಂಡಿಯಿಂದ ಬಿಸಿಗಾಳಿ ಹೊರಹೋಗುತ್ತಿತ್ತು. ಈ ಮನೆಗಳಿಗೆ ಮರಳಿರಿ ಎಂದು ಉಪದೇಶಿಸುವುದು ಸುಲಭ. ಆದರೆ ಇಂದು ತೊಲೆಗೆ ಮರವಿಲ್ಲ, ವರ್ಷವರ್ಷ ಮಣ್ಣು ಹೊರಲು ಆಳಿಲ್ಲ, ಜೋರು ಮಳೆಯಲ್ಲಿ ಸೋರುವ ಸೂರನ್ನು ಯಾರೂ ಬಯಸುವುದಿಲ್ಲ. ಉಳಿಸಿಕೊಳ್ಳಬೇಕಾದದ್ದು ಆ ಮನೆಯನ್ನಲ್ಲ, ಅದರ ಹಿಂದಿನ ತಿಳಿವಳಿಕೆಯನ್ನು.

ಇಂದಿನ ಕಾಂಕ್ರೀಟ್ ಚಾವಣಿ ಹಗಲೆಲ್ಲ ಬಿಸಿಲು ಕುಡಿದು ರಾತ್ರಿಯೆಲ್ಲ ಅದನ್ನು ಕೋಣೆಯೊಳಗೆ ಬಿಡುತ್ತದೆ. ತಗಡಿನ ಸೂರು ಕಾದ ಮರುಗಳಿಗೆಯಲ್ಲಿಯೇ ಕೆಳಗಿನವರನ್ನು ಸುಡುತ್ತದೆ. ಇದಕ್ಕೆ ಅತ್ಯಂತ ಅಗ್ಗದ ಪರಿಹಾರ ಸುಣ್ಣ. ಬಿಳಿಯ ಮೇಲ್ಮೈ ಬಿಸಿಲನ್ನು ಹೀರಿಕೊಳ್ಳದೆ ಹಿಂತಿರುಗಿಸುತ್ತದೆ. ಅಹಮದಾಬಾದಿನ ಬಡಾವಣೆಗಳಲ್ಲಿ ಮನೆಗಳ ಚಾವಣಿಗೆ ಸುಣ್ಣ ಬಳಿಯುವ ಕಾರ್ಯಕ್ರಮವನ್ನು ಅಲ್ಲಿನ ಪಾಲಿಕೆಯೇ ಕೈಗೊಂಡಿತು. ಇಂತಹ ಚಾವಣಿಯಿಂದ ಒಳಗಿನ ಉಷ್ಣಾಂಶ ಎರಡರಿಂದ ಐದು ಡಿಗ್ರಿಯವರೆಗೆ ಇಳಿಯಬಹುದು ಎಂಬುದು ಅಲ್ಲಿಯ ಅಂದಾಜು. ನೆರೆಯ ತೆಲಂಗಾಣ 2023ರಲ್ಲಿ ತಂಪು ಚಾವಣಿಗಾಗಿಯೇ ಒಂದು ನೀತಿಯನ್ನು ಪ್ರಕಟಿಸಿದೆ. ನಮ್ಮಲ್ಲಿ ಸರ್ಕಾರದ ವಸತಿ ಯೋಜನೆಗಳಡಿ ಕಟ್ಟುವ ಮನೆಗಳಿಗೆ ಅಂತಿಮ ಕಂತು ಬಿಡುಗಡೆಯಾಗುವ ಮುನ್ನ ಚಾವಣಿಗೆ ಬಿಳಿ ಬಣ್ಣ ಬಳಿದಿರಬೇಕು, ಅದರ ಖರ್ಚನ್ನು ಯೋಜನೆಯೇ ಭರಿಸಬೇಕು ಎಂಬ ಒಂದು ಸಾಲಿನ ನಿಯಮ ಸಾಕು. ಶಾಲೆ, ಅಂಗನವಾಡಿ, ಆರೋಗ್ಯ ಕೇಂದ್ರಗಳ ಚಾವಣಿಗಳಿಗೆ ಅದೂ ಬೇಕಿಲ್ಲ. ಅವು ಸರ್ಕಾರದವೇ ಅಲ್ಲವೇ?

ಮನೆಯವರು ತಾವಾಗಿ ಮಾಡಬಹುದಾದ ಕೆಲಸಗಳೂ ಇವೆ. ಬಿಸಿಲೇರುವ ಮುನ್ನವೇ ಪೂರ್ವ, ಪಶ್ಚಿಮದ ಕಿಟಕಿಗಳನ್ನು ಮುಚ್ಚಿ ಹೊರಗಿನಿಂದ ಮರೆಕಟ್ಟಬೇಕು. ಕಿಟಕಿಯ ಒಳಗೆ ಪರದೆ ಹಾಕಿದರೆ ಕಾವು ಆಗಲೇ ಗಾಜು ದಾಟಿ ಬಂದಿರುತ್ತದೆ. ಸೂರ್ಯ ಮುಳುಗಿದ ಮೇಲೆ ಎದುರುಬದುರಿನ ಕಿಟಕಿಗಳನ್ನು ತೆರೆದು ಗಾಳಿಗೆ ಹಾದಿ ಮಾಡಬೇಕು. ಚಾವಣಿಯ ಮೇಲೆ ಒಂದೆರಡು ಅಡಿ ಎತ್ತರದಲ್ಲಿ ಜೋಳದ ಸೊಪ್ಪೆಯ ಅಥವಾ ತೆಂಗಿನ ಗರಿಯ ಚಪ್ಪರ ಹಾಕಿದರೆ ಬಿಸಿಲು ಚಾವಣಿಯನ್ನು ಮುಟ್ಟುವುದೇ ಇಲ್ಲ. ಒಲೆಯ ಕಿಡಿ ತಾಗದಂತೆ ಎಚ್ಚರವಿದ್ದರೆ ಸರಿ. ಮಾಳಿಗೆಗೆ ನೀರು ಹೊಡೆಯಿರಿ ಎಂಬ ಸಲಹೆಯನ್ನು ಮಾತ್ರ ಯೋಚಿಸಿ ಕೊಡಬೇಕು. ದಿನಬಿಟ್ಟು ದಿನ ನಲ್ಲಿ ಬಂದರೆ ಅದೇ ಭಾಗ್ಯ ಎನ್ನುವ ಬಡಾವಣೆಯಲ್ಲಿ ಅದು ಸಲಹೆಯಲ್ಲ, ಅಣಕ.

ಜಿಲ್ಲೆಯ ನಾಲ್ಕು ಪಟ್ಟಣಗಳ ಬೇಸಿಗೆ ಒಂದೇ ಬಗೆಯದಲ್ಲ ಎಂಬುದನ್ನೂ ಗಮನಿಸಬೇಕು. ಕುಷ್ಟಗಿ, ಯಲಬುರ್ಗಾಗಳದ್ದು ಒಣ ಬಿಸಿಲು. ಅಲ್ಲಿ ಬೆವರು ಬಂದಷ್ಟೇ ವೇಗವಾಗಿ ಆರುತ್ತದೆ. ಮೈ ಒದ್ದೆಯಾಗದ ಕಾರಣ ದೇಹ ಎಷ್ಟು ನೀರು ಕಳೆದುಕೊಂಡಿತೆಂಬುದು ತಿಳಿಯುವುದಿಲ್ಲ. ಬಾಯಾರಿಕೆಗೆ ಮುನ್ನವೇ ನೀರು ಕುಡಿಯಬೇಕೆನ್ನುವುದು ಇಂತಹ ಕಡೆಗೇ ಹೆಚ್ಚು ಅನ್ವಯಿಸುವ ಮಾತು. ಕಿಟಕಿಗೆ ಕಟ್ಟಿದ ಒದ್ದೆ ಗೋಣಿತಾಟು, ಲಾವಂಚದ ತಟ್ಟಿ, ನೀರಿನ ಕೂಲರ್, ಮಣ್ಣಿನ ರಂಜಣಿಗೆ– ಇವೆಲ್ಲ ನೀರು ಆವಿಯಾಗುವುದರಿಂದ ತಂಪು ಪಡೆಯುವ ಸಾಧನಗಳು. ಒಣ ಗಾಳಿಯಲ್ಲಿ ಇವು ಚೆನ್ನಾಗಿ ಕೆಲಸ ಮಾಡುತ್ತವೆ.

ಗಂಗಾವತಿಯ ಕಥೆ ಬೇರೆ. 1953ರಲ್ಲಿ ನಿರ್ಮಾಣಗೊಂಡ ತುಂಗಭದ್ರಾ ಜಲಾಶಯದ ಎಡದಂಡೆ ಕಾಲುವೆ ಈ ತಾಲ್ಲೂಕನ್ನು ಭತ್ತದ ಕಣಜವನ್ನಾಗಿಸಿತು. ಅದಕ್ಕೂ ಮುನ್ನವೇ ವಿಜಯನಗರ ಕಾಲದ ಕಾಲುವೆಗಳು ಆನೆಗೊಂದಿಯ ಸುತ್ತ ಹಸಿರು ಹರಡಿದ್ದವು. ಎರಡನೆಯ ಬೆಳೆಗೆ ನೀರು ಹರಿದ ವರ್ಷಗಳಲ್ಲಿ ಗದ್ದೆಯ ತೇವ ಗಾಳಿಗೆ ಸೇರಿ ಸೆಕೆ ಹೆಚ್ಚುತ್ತದೆ. ಸುತ್ತಲಿನ ಬೋಳು ಬಂಡೆಗುಡ್ಡಗಳು ರಾತ್ರಿಯೂ ಕಾವು ಬಿಡುತ್ತವೆ. ಇಲ್ಲಿ ಬೆವರು ಆರುವುದಿಲ್ಲ, ಆರದ ಬೆವರಿನಿಂದ ದೇಹ ತಂಪಾಗುವುದಿಲ್ಲ. ಉಷ್ಣಮಾಪಕ ಕುಷ್ಟಗಿಗಿಂತ ಎರಡು ಡಿಗ್ರಿ ಕಡಿಮೆ ತೋರಿಸಿದರೂ ಅಕ್ಕಿ ಗಿರಣಿಯ ಹಮಾಲನಿಗೆ ಅಪಾಯ ಕಡಿಮೆಯಲ್ಲ. ಕಿಟಕಿ ಮುಚ್ಚಿಕೊಂಡು ಕೂಲರ್ ಹಾಕಿದರೆ ಕೋಣೆಯ ತೇವ ಹೆಚ್ಚಿ ಉಸಿರುಗಟ್ಟುತ್ತದೆ. ಇಲ್ಲಿ ಬೇಕಾದದ್ದು ಗಾಳಿಯ ಹಾದಿ, ನೆರಳು ಮತ್ತು ಪದೇ ಪದೇ ಬಿಡುವು. ಫ್ಯಾನಿಗೂ ಮಿತಿಯಿದೆ: ಕೋಣೆಯ ಉಷ್ಣಾಂಶ 40 ಡಿಗ್ರಿ ದಾಟಿದ ಮೇಲೆ ಅದು ಬಿಸಿಗಾಳಿಯನ್ನೇ ಮೈಗೆ ಬಡಿಯುತ್ತದೆ, ಆಗ ಮೈ ಮೇಲೆ ಒದ್ದೆ ಬಟ್ಟೆಯಿರಬೇಕು. ಇಡೀ ಜಿಲ್ಲೆಗೆ ಒಂದೇ ಸಲಹಾಪತ್ರ ಹಂಚುವ ಬದಲು ಊರಿನ ಹವೆಗೆ ತಕ್ಕ ಸಲಹೆ ನೀಡುವುದು ಅಷ್ಟೇನೂ ಕಷ್ಟವಲ್ಲ.

ನೀರು ಕುಡಿಯಿರಿ ಎನ್ನುವವರು ಯಾವ ನೀರು ಎಂಬುದನ್ನೂ ಹೇಳಬೇಕು. ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದು ದಶಕಗಳಿಂದ ತಿಳಿದ ಸಂಗತಿ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ಕುಡಿಯುವ ನೀರಿನಲ್ಲಿ ಇರಬಾರದು. ಕುದಿಸಿದರೂ ಅದು ಹೋಗುವುದಿಲ್ಲ. ಬೇಸಿಗೆಯಲ್ಲಿ ಮನುಷ್ಯ ಎರಡು ಪಟ್ಟು ನೀರು ಕುಡಿದರೆ ಎರಡು ಪಟ್ಟು ಫ್ಲೋರೈಡ್ ಕುಡಿದಂತೆಯೇ. ಆದ್ದರಿಂದ ಶುದ್ಧ ನೀರಿನ ಘಟಕಗಳು ಕೆಟ್ಟು ನಿಲ್ಲುವುದನ್ನು ವರ್ಷದ ಬೇರೆ ಯಾವ ಕಾಲದಲ್ಲಿ ಸಹಿಸಿದರೂ ಮಾರ್ಚ್‌ನಿಂದ ಜೂನ್‌ವರೆಗೆ ಸಹಿಸಲಾಗದು. ಫೆಬ್ರುವರಿಯಲ್ಲಿಯೇ ಎಲ್ಲ ಘಟಕಗಳ ದುರಸ್ತಿ ಮುಗಿದಿರಬೇಕು.

ನೀರಿನ ಜೊತೆಗೆ ಕಳೆದುಹೋದ ಉಪ್ಪೂ ದೇಹಕ್ಕೆ ಮರಳಬೇಕು. ಉಪ್ಪು ಬೆರೆಸಿದ ಮಜ್ಜಿಗೆ, ಜೋಳದ ನುಚ್ಚು, ಅಂಬಲಿ, ನಿಂಬೆಹಣ್ಣಿನ ಪಾನಕಗಳು ಈ ನೆಲದ ಜನ ಕಂಡುಕೊಂಡ ಉತ್ತರಗಳು. ಬಾಟಲಿಯಲ್ಲಿ ಬರುವ ಬಣ್ಣದ ಪಾನೀಯಗಳಿಗಿಂತ ಇವು ಅಗ್ಗ, ಹಿತ. ತೀರಾ ಬಳಲಿದವರಿಗೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಕೊಡಬಹುದು. ಮೂತ್ರಪಿಂಡ, ಹೃದಯ, ರಕ್ತದೊತ್ತಡದ ತೊಂದರೆಯಿರುವವರು ಉಪ್ಪಿನ ವಿಷಯದಲ್ಲಿ ವೈದ್ಯರನ್ನು ಕೇಳಬೇಕು.

ಇಲ್ಲಿ ಯಾರೂ ಬಾಯಿಬಿಟ್ಟು ಆಡದ ಇನ್ನೊಂದು ಮಾತಿದೆ. ಸಂತೆಗೆ, ಆಸ್ಪತ್ರೆಗೆ, ಕಚೇರಿಗೆ ಬರುವ ಮಹಿಳೆಯರಲ್ಲಿ ಅನೇಕರು ಬೆಳಗಿನಿಂದ ಬೇಕೆಂದೇ ನೀರು ಕುಡಿಯುವುದಿಲ್ಲ. ಪಟ್ಟಣದಲ್ಲಿ ಬಳಸಲು ಯೋಗ್ಯವಾದ ಶೌಚಾಲಯ ಸಿಗುವ ಭರವಸೆ ಅವರಿಗಿಲ್ಲ. ತರಕಾರಿ ಮಾರುವವರು, ಬಟ್ಟೆ ಅಂಗಡಿಯ ಕೆಲಸದವರು, ಬೀದಿ ಗುಡಿಸುವವರು ದಿನವೂ ಇದನ್ನೇ ಮಾಡುತ್ತಾರೆ. ನಲವತ್ತು ಡಿಗ್ರಿ ಬಿಸಿಲಿನಲ್ಲಿ ನೀರು ಕುಡಿಯದೆ ದುಡಿಯುವ ದೇಹಕ್ಕೆ ಯಾವ ಸಲಹಾಪತ್ರವೂ ರಕ್ಷಣೆ ನೀಡಲಾರದು. ಮಾರುಕಟ್ಟೆಯಲ್ಲೊಂದು, ಬಸ್ ನಿಲ್ದಾಣದಲ್ಲೊಂದು ನೀರಿರುವ, ಚಿಲಕವಿರುವ, ಶುಚಿಯಾದ ಮಹಿಳಾ ಶೌಚಾಲಯವನ್ನು ಒದಗಿಸುವುದು ಬಿಸಿಲಿನಿಂದ ಜನರನ್ನು ಕಾಪಾಡುವ ಕ್ರಮವೇ ಎಂದು ನಗರಸಭೆಗಳು ತಿಳಿಯಬೇಕು.

ಇನ್ನು ಹವಾನಿಯಂತ್ರಣ ಯಂತ್ರ. ರೋಗಿಗಳಿಗೆ, ವೃದ್ಧರಿಗೆ, ಶಿಶುಗಳಿಗೆ ಅದು ಜೀವರಕ್ಷಕ ಆಗಬಹುದು ಎಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದು ಕೋಣೆಯ ಕಾವನ್ನು ಇಲ್ಲವಾಗಿಸುವುದಿಲ್ಲ, ಬೀದಿಗೆ ಎಸೆಯುತ್ತದೆ; ಆ ಬೀದಿಯಲ್ಲಿ ಯಂತ್ರವಿಲ್ಲದವರ ಮನೆಗಳೂ ಇರುತ್ತವೆ. ಸಂಜೆ ಎಲ್ಲರೂ ಒಮ್ಮೆಲೇ ಯಂತ್ರ ಚಾಲೂ ಮಾಡಿದಾಗ ಬಡಾವಣೆಯ ಪರಿವರ್ತಕದ ಮೇಲೆ ಹೊರೆ ಬೀಳುತ್ತದೆ. ರಾತ್ರಿ ಹತ್ತಕ್ಕೆ ವಿದ್ಯುತ್ ಹೋದರೆ ಯಂತ್ರವಿದ್ದವನೂ ಫ್ಯಾನಿದ್ದವನೂ ಸಮಾನರು. ಹಗಲಿನ ಬಿಸಿಲಿನಿಂದ ಬಳಲಿದ ದೇಹ ಚೇತರಿಸಿಕೊಳ್ಳುವುದು ರಾತ್ರಿಯ ತಂಪಿನಲ್ಲಿ, ನಿದ್ದೆಯಲ್ಲಿ. ಆದ್ದರಿಂದ ಬೇಸಿಗೆಯ ರಾತ್ರಿಗಳಲ್ಲಿ ಪೂರೈಕೆ ಕಡಿತವಾಗದಂತೆ ನೋಡಿಕೊಳ್ಳುವುದು ಜೆಸ್ಕಾಂನ ಪಾಲಿನ ಆರೋಗ್ಯ ಸೇವೆ. ಯಲಬುರ್ಗಾ, ಕುಷ್ಟಗಿ ಸೀಮೆಯ ಹೊಲಗಳಲ್ಲಿ ಗಾಳಿಯಂತ್ರಗಳು ನಿಂತು ವಿದ್ಯುತ್ ಉತ್ಪಾದಿಸುತ್ತಿರುವಾಗ ಅದೇ ಊರುಗಳ ಮನೆಗಳಲ್ಲಿ ಫ್ಯಾನ್ ನಿಲ್ಲುವುದು ಯಾರಿಗೂ ಶೋಭೆಯಲ್ಲ.

ತಂಪಾಗಿರುವ ಹಳೆಯ ಉಪಾಯಗಳಲ್ಲಿ ಅತ್ಯಂತ ಪರಿಣಾಮಕಾರಿಯಾದದ್ದು ಹೊತ್ತಿನ ಆಯ್ಕೆ. ಒಕ್ಕಲಿಗ ನಸುಕಿನಲ್ಲಿ ಹೊಲಕ್ಕೆ ಹೋಗಿ ಬಿಸಿಲೇರುವ ಮುನ್ನ ಮರಳುತ್ತಿದ್ದ. ಸರ್ಕಾರವೂ ಈ ವಿವೇಕವನ್ನು ಭಾಗಶಃ ಒಪ್ಪಿಕೊಂಡಿದೆ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಹಾಗೂ ವಿಜಯಪುರ, ಬಾಗಲಕೋಟೆಗಳಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಬದಲಿಸುವ ಕ್ರಮ ಇತ್ತೀಚಿನ ವರ್ಷಗಳಲ್ಲಿ ನಡೆದುಬಂದಿದೆ. ಇದು ಸ್ವಾಗತಾರ್ಹ. ಆದರೆ ಇದರಿಂದ ರಕ್ಷಣೆ ಸಿಕ್ಕಿದ್ದು ಮೇಜಿನ ಆಚೆ ಕುಳಿತವರಿಗೆ. ದೂರದ ಹಳ್ಳಿಯಿಂದ ಪಹಣಿಗೋ ಪಿಂಚಣಿಗೋ ಬಂದವನು ಹತ್ತೂವರೆಗೆ ಕಚೇರಿ ತಲುಪಿ, ಸರತಿಯಲ್ಲಿ ನಿಂತು, ಒಂದೂವರೆಗೆ ಬಾಗಿಲು ಮುಚ್ಚಿದಾಗ ದಿನದ ಅತ್ಯಂತ ಕೆಟ್ಟ ಬಿಸಿಲಿನಲ್ಲಿ ಬಸ್ ನಿಲ್ದಾಣಕ್ಕೆ ನಡೆಯಬೇಕಾಗುತ್ತದೆ. ಕಚೇರಿಯ ವರಾಂಡ ಸಂಜೆಯವರೆಗೆ ತೆರೆದಿರಲಿ, ಅಲ್ಲಿ ಕುಡಿಯುವ ನೀರಿರಲಿ. ಬೇಸಿಗೆಯ ಎರಡು ತಿಂಗಳು ಹೋಬಳಿ ಮಟ್ಟದಲ್ಲಿಯೇ ಅರ್ಜಿ ಪಡೆಯುವ ವ್ಯವಸ್ಥೆಯಾಗಲಿ.

ಪೌರಕಾರ್ಮಿಕರು, ಹಮಾಲರು, ಕಟ್ಟಡ ಕೆಲಸಗಾರರ ವೇಳೆಯೂ ಹೀಗೆಯೇ ಬದಲಾಗಬೇಕು. ಬೆಳಗಿನ ಜಾವದಿಂದ ಹನ್ನೊಂದರವರೆಗೆ, ಮತ್ತೆ ಸಂಜೆ ನಾಲ್ಕರ ನಂತರ ಕೆಲಸ ಮಾಡಿದರೆ ಯಾವ ಕೆಲಸವೂ ನಿಲ್ಲುವುದಿಲ್ಲ. ಉದ್ಯೋಗ ಖಾತರಿ ಕಾಮಗಾರಿಗಳಲ್ಲಿ ಬೇಸಿಗೆ ತಿಂಗಳುಗಳಲ್ಲಿ ಕೂಲಿ ಕಡಿತವಿಲ್ಲದೆ ಕೆಲಸದ ಪ್ರಮಾಣದಲ್ಲಿ ರಿಯಾಯಿತಿ ಕೊಟ್ಟ ಉದಾಹರಣೆ ರಾಜ್ಯದಲ್ಲಿಯೇ ಇದೆ. ಮುಖ್ಯವಾದ ಅಂಶವೂ ಅದೇ: ಕೂಲಿ ಕಡಿಮೆಯಾಗುವುದಾದರೆ ಯಾವ ಬಡವನೂ ನೆರಳಿಗೆ ಬರುವುದಿಲ್ಲ.

ಸಾರ್ವಜನಿಕ ನೆರಳು ಒದಗಿಸಲು ಆಡಳಿತಕ್ಕೆ ಸಾಧ್ಯವಿಲ್ಲ ಎಂಬ ಮಾತನ್ನು ನಂಬಲಾಗದು. 2024ರ ಲೋಕಸಭಾ ಚುನಾವಣೆಯಲ್ಲಿ ಕೊಪ್ಪಳ ಕ್ಷೇತ್ರದ ಮತದಾನ ನಡೆದದ್ದು ಮೇ 7ರಂದು, ಬಿಸಿಗಾಳಿಯ ಎಚ್ಚರಿಕೆಗಳು ಬರುತ್ತಿದ್ದ ದಿನಗಳಲ್ಲಿ. ಮತಗಟ್ಟೆಗಳಲ್ಲಿ ನೆರಳು, ಕುಡಿಯುವ ನೀರು ಮತ್ತಿತರ ಕನಿಷ್ಠ ಸೌಲಭ್ಯ ಇರಲೇಬೇಕೆಂದು ಚುನಾವಣಾ ಆಯೋಗ ಆಗ ಸೂಚಿಸಿತ್ತು. ಮತ ಹಾಕುವ ದಿನ ಪ್ರಜೆಯ ತಲೆಯ ಮೇಲೆ ಶಾಮಿಯಾನ ಕಟ್ಟಬಲ್ಲ ಆಡಳಿತ, ಮತ ಹಾಕದ ಉಳಿದ ಐವತ್ತು ದಿನ ಬಸ್ ತಂಗುದಾಣದಲ್ಲಿ, ಸಂತೆಯಲ್ಲಿ, ಆಸ್ಪತ್ರೆಯ ಹೊರರೋಗಿ ಸರತಿಯಲ್ಲಿ ಅದನ್ನೇಕೆ ಕಟ್ಟಲಾರದು? ಅರವಟಿಗೆ ಎಂಬ ಪದ ನಮ್ಮ ಶಾಸನಗಳಷ್ಟು ಹಳೆಯದು. ಇಂದು ಅದು ದಾನಿಗಳ, ಸಂಘ ಸಂಸ್ಥೆಗಳ ಔದಾರ್ಯಕ್ಕೆ ಬಿಟ್ಟ ವಿಷಯವಾಗಿದೆ. ಉದ್ಘಾಟನೆಯ ದಿನ ತುಂಬಿದ ಗಡಿಗೆ ವಾರದ ಬಳಿಕ ಬರಿದಾಗಿರುವುದೂ ಉಂಟು. ಪ್ರತಿ ವಾರ್ಡಿಗೊಂದು ಅರವಟಿಗೆ, ಅದಕ್ಕೊಬ್ಬ ಹೊಣೆಗಾರ ನೌಕರ ಇರಬೇಕು. ಬೇಸಿಗೆ ರಜೆಯಲ್ಲಿ ಖಾಲಿ ಬೀಳುವ ಶಾಲಾ ಕೊಠಡಿಗಳನ್ನು, ಸಮುದಾಯ ಭವನಗಳನ್ನು ಮಧ್ಯಾಹ್ನದ ವಿಶ್ರಾಂತಿ ತಾಣಗಳಾಗಿ ತೆರೆದಿಡಬಹುದು. ಅಂಜನಾದ್ರಿಯ 575 ಮೆಟ್ಟಿಲು ಹತ್ತುವ ಭಕ್ತರಿಗೆ, ಬೇಸಿಗೆಯಲ್ಲಿಯೇ ನಡೆಯುವ ಹುಲಿಗೆಮ್ಮನ ಜಾತ್ರೆಗೆ ಬರುವ ಜನಸಾಗರಕ್ಕೆ ನೆರಳು, ನೀರು, ಪ್ರಥಮ ಚಿಕಿತ್ಸೆಯ ವ್ಯವಸ್ಥೆ ಮೊದಲೇ ಯೋಜಿತವಾಗಿರಬೇಕು.

ಆದರೆ ಶಾಮಿಯಾನ ತಾತ್ಕಾಲಿಕ; ಶಾಶ್ವತವಾದದ್ದು ಮರ. ಕೊಪ್ಪಳದ ಗವಿಮಠದ ಬಳಿಯಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಕಿರು ಬಂಡೆಶಾಸನಗಳಿವೆ. ಅವುಗಳ ವಿಷಯ ಬೇರೆ. ಆದರೆ ಅದೇ ಅರಸ ತನ್ನ ಏಳನೆಯ ಸ್ತಂಭಶಾಸನದಲ್ಲಿ, ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂದು ದಾರಿಗಳ ಬದಿಯಲ್ಲಿ ಆಲದ ಮರಗಳನ್ನು ನೆಡಿಸಿದ್ದನ್ನೂ ಬಾವಿಗಳನ್ನು ತೋಡಿಸಿದ್ದನ್ನೂ ದಾಖಲಿಸಿದ್ದಾನೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ರಾಜಧರ್ಮವೆನಿಸಿದ್ದು ಇಂದು ರಸ್ತೆ ವಿಸ್ತರಣೆಯ ಅಂದಾಜುಪಟ್ಟಿಯಲ್ಲಿ ಅಡಚಣೆ ಎನಿಸಿಕೊಂಡಿದೆ. ಕಡಿದ ಬೇವು, ಹುಣಸೆ, ಆಲಗಳ ಜಾಗದಲ್ಲಿ ರಸ್ತೆ ವಿಭಜಕದ ಮೇಲೆ ನಿಲ್ಲುವ ಅಲಂಕಾರದ ಗಿಡ ನಾಯಿಗೂ ನೆರಳು ಕೊಡುವುದಿಲ್ಲ.

ಬೇವು ಯುಗಾದಿಯ ಹೊತ್ತಿಗೆ ಹೊಸ ಎಲೆ ತೊಡುತ್ತದೆ. ನೆರಳು ಬೇಕಾದ ಏಪ್ರಿಲ್, ಮೇ ತಿಂಗಳಲ್ಲಿ ಅದು ತುಂಬಿ ನಿಂತಿರುತ್ತದೆ. ಹೊಂಗೆಯೂ ಬೇಸಿಗೆಯಲ್ಲಿ ಚಿಗುರಿದ ಮರವೇ. ಇಂತಹ ಮರಗಳು ಈ ಮಣ್ಣಿಗೆ ಒಗ್ಗಿದವು. ಜೂನ್ 5ರಂದು ಸಸಿ ನೆಟ್ಟು ಭಾವಚಿತ್ರ ತೆಗೆಸಿಕೊಳ್ಳುವವರಿಗೆ ಕೊರತೆಯಿಲ್ಲ. ಆ ಸಸಿ ಮೂರು ಬೇಸಿಗೆ ದಾಟಿತೇ ಎಂದು ಕೇಳುವವರಿಲ್ಲ. ನೆಟ್ಟ ಸಸಿಗಳ ಸಂಖ್ಯೆಯ ಬದಲು ಮೂರನೆಯ ಬೇಸಿಗೆಯ ನಂತರ ಉಳಿದ ಮರಗಳ ಸಂಖ್ಯೆಗೆ ಹಣ ಪಾವತಿಸುವ ಪದ್ಧತಿ ಬಂದರೆ ಗುತ್ತಿಗೆದಾರರೇ ಸಸಿಗಳಿಗೆ ನೀರು ಹೊರುತ್ತಾರೆ.

ಸಮುದಾಯ ಮನಸ್ಸು ಮಾಡಿದರೆ ಏನಾಗಬಲ್ಲದು ಎಂಬುದಕ್ಕೆ ಈ ಜಿಲ್ಲೆಯಲ್ಲಿಯೇ ನಿದರ್ಶನಗಳಿವೆ. 2017ರಲ್ಲಿ ನಟ ಯಶ್ ಅವರ ಯಶೋಮಾರ್ಗ ಪ್ರತಿಷ್ಠಾನ ಯಲಬುರ್ಗಾ ತಾಲ್ಲೂಕಿನ ತಲ್ಲೂರು ಕೆರೆಯ ಹೂಳೆತ್ತಿಸಿತು. 2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಅವರ ನೇತೃತ್ವದಲ್ಲಿ ಸಾವಿರಾರು ಜನ ಹಿರೇಹಳ್ಳದ ಹಾದಿಯನ್ನು ಹಸನುಗೊಳಿಸಿದರು. ಕುಷ್ಟಗಿ ಬಳಿಯ ನಿಡಶೇಸಿ ಕೆರೆಗೂ ಅದೇ ಉತ್ಸಾಹ ಹರಿಯಿತು. ಆ ಕೆರೆ, ಹಳ್ಳಗಳ ದಂಡೆಗಳ ಮೇಲೆ ಮರಗಳ ಸಾಲೆದ್ದರೆ ದನಕರುಗಳಿಗೂ ದಾರಿಹೋಕರಿಗೂ ಬೇಸಿಗೆಯ ಆಶ್ರಯವಾಗುತ್ತದೆ.

ಕೊಪ್ಪಳ ನಗರದ ಮಟ್ಟಿಗೆ ಕೈಗಾರಿಕೆಗಳ ಪ್ರಶ್ನೆಯನ್ನು ಬಿಟ್ಟು ಬೇಸಿಗೆಯ ಮಾತಾಡುವಂತಿಲ್ಲ. ಗಿಣಿಗೇರಿ ಸುತ್ತಲಿನ ಹಳ್ಳಿಗಳ ಜನ ಕಾರ್ಖಾನೆಗಳ ಕಪ್ಪು ಬೂದಿಯ ಬಗ್ಗೆ ವರ್ಷಗಳಿಂದ ದೂರುತ್ತಿದ್ದಾರೆ. 2025ರ ಫೆಬ್ರುವರಿಯಲ್ಲಿ ನಗರಕ್ಕೆ ಹೊಂದಿಕೊಂಡ ಉಕ್ಕಿನ ಕಾರ್ಖಾನೆಯ ವಿಸ್ತರಣೆ ವಿರೋಧಿಸಿ ಕೊಪ್ಪಳ ಬಂದ್ ನಡೆಯಿತು. ದೂಳು ಬೀಳುವ ಊರಿನಲ್ಲಿ ರಾತ್ರಿ ಕಿಟಕಿ ತೆರೆಯಲಾಗದು, ಮಾಳಿಗೆಯ ಮೇಲೆ ಮಲಗಲಾಗದು, ಚಾವಣಿಗೆ ಬಳಿದ ಸುಣ್ಣ ಬೆಳ್ಳಗೆ ಉಳಿಯದು. ಹಣ ಖರ್ಚಿಲ್ಲದೆ ತಂಪಾಗಿರುವ ಬಡವರ ಮೂರು ದಾರಿಗಳನ್ನೂ ದೂಳು ಮುಚ್ಚುತ್ತದೆ. ಉದ್ಯೋಗ ಬೇಕೆನ್ನುವವರೂ ಈ ನಷ್ಟವನ್ನು ಲೆಕ್ಕಕ್ಕೆ ಹಿಡಿಯಬೇಕು.

ಇವೆಲ್ಲವನ್ನೂ ಒಂದೆಡೆ ಕಟ್ಟಿಕೊಡುವುದೇ ಬಿಸಿಲು ನಿರ್ವಹಣಾ ಯೋಜನೆ. 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ಅಹಮದಾಬಾದಿನಲ್ಲಿ ವಾಡಿಕೆಗಿಂತ 1,300ಕ್ಕೂ ಹೆಚ್ಚು ಸಾವುಗಳು ಸಂಭವಿಸಿದವು. ಆ ಆಘಾತದಿಂದ ಪಾಠ ಕಲಿತ ನಗರ 2013ರಲ್ಲಿ ಯೋಜನೆ ರೂಪಿಸಿತು: ಮುನ್ನೆಚ್ಚರಿಕೆ ಯಾರಿಗೆ, ಹೇಗೆ ತಲುಪಬೇಕು, ಆಸ್ಪತ್ರೆಗಳು ಏನು ಸಿದ್ಧವಿಟ್ಟುಕೊಳ್ಳಬೇಕು, ನೀರು ಎಲ್ಲಿ ದೊರೆಯಬೇಕು ಎಂಬುದೆಲ್ಲ ಅದರಲ್ಲಿ ನಿಗದಿಯಾಯಿತು. 2015ರಲ್ಲಿ ಆಂಧ್ರಪ್ರದೇಶ, ತೆಲಂಗಾಣಗಳಲ್ಲಿ ಬಿಸಿಲಿಗೆ ಬಲಿಯಾದವರ ಸಂಖ್ಯೆ ಎರಡು ಸಾವಿರ ದಾಟಿತು. ಆ ಗಡಿ ನಮ್ಮಿಂದ ದೂರವಿಲ್ಲ. 2011ರ ಜನಗಣತಿಯಲ್ಲಿಯೇ ಲಕ್ಷ ಜನಸಂಖ್ಯೆ ದಾಟಿದ್ದ ಗಂಗಾವತಿಗೆ, ಜಿಲ್ಲಾ ಕೇಂದ್ರ ಕೊಪ್ಪಳಕ್ಕೆ, ಕುಷ್ಟಗಿ ಪುರಸಭೆಗೆ, ಯಲಬುರ್ಗಾ ಪಟ್ಟಣ ಪಂಚಾಯಿತಿಗೆ ಪ್ರತ್ಯೇಕವಾದ, ಎರಡು ಪುಟ ಮೀರದ ಯೋಜನೆ ಬೇಕು. ಅದರ ಪ್ರತಿ ಸಾಲಿನ ಮುಂದೆ ಒಬ್ಬ ಅಧಿಕಾರಿಯ ಹುದ್ದೆ ಬರೆದಿರಬೇಕು.

ಆ ಯೋಜನೆಯಲ್ಲಿ ಒಂಟಿ ವೃದ್ಧರ ಪಟ್ಟಿ ಇರಲೇಬೇಕು. 1995ರ ಜುಲೈನಲ್ಲಿ ಅಮೆರಿಕದ ಷಿಕಾಗೊ ನಗರದಲ್ಲಿ ಬಿಸಿಗಾಳಿಗೆ 700ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹಳಷ್ಟು ಮಂದಿ ಒಂಟಿಯಾಗಿ ಬದುಕುತ್ತಿದ್ದ ವೃದ್ಧರು. ಸಿರಿವಂತ ದೇಶದ ಆ ಅನುಭವ ಕುಷ್ಟಗಿ, ಯಲಬುರ್ಗಾಗಳಿಗೆ ಏಕೆ ಮುಖ್ಯವೆಂದರೆ, ಹಿಂಗಾರಿನ ರಾಶಿ ಮುಗಿದ ಮೇಲೆ ಇಲ್ಲಿನ ದುಡಿಯುವ ವಯಸ್ಸಿನವರು ಬೆಂಗಳೂರು, ಮಂಗಳೂರು, ಗೋವಾಗಳಿಗೆ ಗುಳೆ ಹೋಗುತ್ತಾರೆ. ಬೇಸಿಗೆಯಲ್ಲಿ ಮನೆ ಕಾಯುವುದು ಮುದುಕರು, ಮಕ್ಕಳು. ಆಶಾ ಕಾರ್ಯಕರ್ತೆಯರಿಗೆ ಅಂತಹ ಮನೆಗಳೆಲ್ಲ ಗೊತ್ತು. ಎಚ್ಚರಿಕೆ ಬಂದ ದಿನಗಳಲ್ಲಿ ಎರಡು ಬಾರಿ ಬಾಗಿಲು ತಟ್ಟುವ ಕೆಲಸಕ್ಕೆ ಅವರಿಗೆ ಪ್ರತ್ಯೇಕ ಭತ್ಯೆ ಕೊಟ್ಟರೆ ಸಾಕು.

ಬಿಸಿಲಾಘಾತ ಗುರುತಿಸುವ ಕ್ರಮವೂ ಎಲ್ಲರಿಗೂ ತಿಳಿದಿರಬೇಕು. ತಲೆಸುತ್ತು, ವಾಕರಿಕೆ, ಸ್ನಾಯು ಸೆಳೆತ ಮೊದಲ ಲಕ್ಷಣಗಳು. ಆಗಲೇ ಕೆಲಸ ನಿಲ್ಲಿಸಿ ನೆರಳಿಗೆ ಬರಬೇಕು. ಮೈ ಕೆಂಡದಂತಾಗಿ ಮಾತು ತೊದಲಿದರೆ, ಎಚ್ಚರ ತಪ್ಪಿದರೆ ಅದು ಪ್ರಾಣಾಪಾಯ. ಕೂಡಲೇ 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೆ ಕಾಯದೆ ಮೈಗೆಲ್ಲ ನೀರು ಸುರಿದು ಗಾಳಿ ಬೀಸಬೇಕು. ಕಂಕುಳು, ಕುತ್ತಿಗೆ, ತೊಡೆ ಸಂದಿಗಳಲ್ಲಿ ತಣ್ಣನೆಯ ಬಟ್ಟೆ ಇಡಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು. ಬಿಸಿಲಿನಿಂದಾದ ಸಾವುಗಳು ಅನೇಕ ವೇಳೆ ಹೃದಯಾಘಾತ ಎಂದು ದಾಖಲಾಗಿ ಲೆಕ್ಕದಿಂದ ತಪ್ಪಿಹೋಗುತ್ತವೆ. ಲೆಕ್ಕಕ್ಕೆ ಬಾರದ ಸಾವಿಗೆ ಯಾವ ಬಜೆಟ್ಟೂ ಹಣ ತೆಗೆದಿಡುವುದಿಲ್ಲ.

ಹಣದ ಕೊರತೆ ಇಲ್ಲಿ ನೆಪವಾಗಬಾರದು. ಸುಣ್ಣ, ಚಪ್ಪರ, ಗಡಿಗೆ, ಬೇವಿನ ಸಸಿ, ಶೌಚಾಲಯದ ಚಿಲಕ– ಇವು ಯಾವುವೂ ಕೋಟಿ ರೂಪಾಯಿಯ ಕಾಮಗಾರಿಗಳಲ್ಲ. ಪ್ರಾಯಶಃ ಅದಕ್ಕಾಗಿಯೇ ಯಾರಿಗೂ ಅವುಗಳಲ್ಲಿ ಆಸಕ್ತಿಯಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇರುವುದೇ ಈ ಭಾಗದ ವಿಶೇಷ ಕಷ್ಟಗಳನ್ನು ನೀಗಲು. ಬಿಸಿಲಿಗಿಂತ ವಿಶೇಷವಾದ ಕಷ್ಟ ಇಲ್ಲಿ ಇನ್ನಾವುದಿದೆ? ಮಂಡಳಿಯ ಅನುದಾನದಲ್ಲಿ ಸಣ್ಣ ಪಾಲೊಂದನ್ನು ನೆರಳು, ನೀರಿಗೆ ಮೀಸಲಿಡಬೇಕು. ಸ್ಥಳೀಯ ಸಂಸ್ಥೆಗಳು ತಮ್ಮ ಬಜೆಟ್ ಸಿದ್ಧಪಡಿಸುವುದು ಬಿಸಿಲು ಬಲಿಯುವ ಮುನ್ನ, ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ. ಅದರಲ್ಲಿ ‘ಬೇಸಿಗೆ ನೆರಳು’ ಎಂಬ ಲೆಕ್ಕಶೀರ್ಷಿಕೆಯೊಂದು ಇದೆಯೇ ಎಂದು ನಾಲ್ಕೂ ಪಟ್ಟಣಗಳ ಮತದಾರರು ತಮ್ಮ ವಾರ್ಡ್ ಸದಸ್ಯರನ್ನು ಕೇಳಬೇಕು. ಇಲ್ಲವೆಂದಾದರೆ, ಅದನ್ನು ಸೇರಿಸದೆ ಬಜೆಟ್‌ಗೆ ಕೈಯೆತ್ತಬೇಡಿ ಎಂದು ಹೇಳಬೇಕು.